ಬಂಧ ತೋರಿಸಲು ಹೋಗಿ ಮುಖ ಮುಚ್ಚಿಕೊಂಡದ್ದು

ಮರ್ಯಾದೆ ಕಳೆದುಕೊಳ್ಳಲು ಕೆಲವರು ಊರೂರು ತಿರುಗಬೇಕಾಗುತ್ತದೆ. ನನಗೆ ಆ ತಾಪತ್ರಯ ಇಲ್ಲ. ಕುಂದಾಪುರದ ನಮ್ಮ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತರೆ ಸಾಕು, ಅದು ತಾನಾಗಿ ಎದ್ದು, ಚಪ್ಪಲಿ ಹಾಕಿಕೊಂಡು, ಗೇಟು ದಾಟಿ ಹೋಗಿಬಿಡುತ್ತದೆ. ಹೋದದ್ದು ವಾಪಸು ಬಂದು ಕೂರುವಷ್ಟರಲ್ಲಿ ಇನ್ನೊಂದು ಪ್ರಸಂಗ ತಯಾರಾಗಿರುತ್ತದೆ.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕೇರಿಯಲ್ಲಿ ಅದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಣುಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ತೋರಿಸುವ ಒಂದು ತಂತ್ರಾಂಶ ಇದೆ. ಅದರಲ್ಲಿ ಪರಮಾಣುಗಳೆಂದರೆ ಬಣ್ಣಬಣ್ಣದ ಉಂಡೆಗಳು, ಅವುಗಳ ನಡುವಿನ ರಾಸಾಯನಿಕ ಬಂಧಗಳೆಂದರೆ ಕಡ್ಡಿಗಳು. ಒಂದು ಆಜ್ಞೆ ಟೈಪ್ ಮಾಡಿದರೆ ಕಡ್ಡಿಗಳು ಕಾಣುತ್ತವೆ, ಇನ್ನೊಂದಕ್ಕೆ ಅಡಗುತ್ತವೆ, ಮತ್ತೊಂದಕ್ಕೆ ದಪ್ಪವಾಗುತ್ತವೆ. ಈ ಆಜ್ಞೆಗಳು ಮೊದಲು ಇಂಗ್ಲಿಷಿನಲ್ಲಿ ಮಾತ್ರ ಇದ್ದವು. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬರುವ ಮಕ್ಕಳಿಗೂ ಅವರಿಗೆ ಪಾಠ ಹೇಳುವವರಿಗೂ ಸುಲಭವಾಗಲಿ ಎಂದು 'ಬಂಧ ತೋರಿಸು', 'ಬಂಧ ಅಡಗಿಸು', 'ಬಂಧ ದಪ್ಪ ಮಾಡು' ಎಂಬಂಥ ಕನ್ನಡ ಆಜ್ಞೆಗಳನ್ನು ರೂಪಿಸುವುದು ನನ್ನ ಕೆಲಸ. ಯಾವ ಆಜ್ಞೆ ಯಾವ ಬಂಧವನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು, ಅರ್ಧ ಹೇಳಿದರೆ ಏನಾಗಬೇಕು, ಎಲ್ಲವನ್ನೂ ನಾನೇ ಯೋಚಿಸಬೇಕು.

ಕೆಲಸ ತಾತ್ಕಾಲಿಕ. ನಮ್ಮ ತಂಡದ ಮುಖ್ಯಸ್ಥರು ಘಟ್ಟದ ಮೇಲಿನವರು, ಒಂದೇ ಮಾತಿನ ಮನುಷ್ಯ. "ಬ್ರಹ್ಮಾವರದಲ್ಲಿ ನಿಮ್ಮ ಕಡೆಯ ರಸಾಯನಶಾಸ್ತ್ರ ಉಪನ್ಯಾಸಕರೆಲ್ಲ ಸೇರುತ್ತಾರಲ್ಲ, ಆ ಸಭೆಯಲ್ಲಿ ತೋರಿಸಿ. ನಾನೂ ಬರುತ್ತೇನೆ. ಅವರಿಗೆ ಬೇಕು ಅಂದರೆ ಕನ್ನಡ ವಿಭಾಗ ಉಳಿಯುತ್ತದೆ, ನಿಮ್ಮ ಕೆಲಸವೂ ಖಾಯಂ ಆಗುತ್ತದೆ. ಬೇಡ ಅಂದರೆ ಎರಡೂ ಇಲ್ಲ" ಎಂದಿದ್ದರು. ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದ ಕೆಲಸವನ್ನು ಬಿಟ್ಟು ಇದಕ್ಕೆ ಬಂದವಳು ನಾನು. ಹಿಂದಿರುಗಿ ಹೋಗುವ ಬಾಗಿಲು ಇರಲಿಲ್ಲ. ಆ ಸಭೆಯ ನೆನಪಾದರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟೆದ್ದು ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂರುತ್ತಿದ್ದೆ.

ತುಳಸಿಕಟ್ಟೆಯ ಮೇಲೆ ಎಥಿಲೀನ್

ದ್ವಿಬಂಧಕ್ಕೆ ಎರಡು ಕಡ್ಡಿ. ಎದುರಿನಿಂದ ನೋಡಿದರೆ ಎರಡೂ ಕಾಣುತ್ತವೆ. ಬದಿಯಿಂದ ನೋಡಿದರೆ ಒಂದರ ಹಿಂದೆ ಒಂದು ಅಡಗಿ, ಇರುವುದು ಒಂದೇ ಕಡ್ಡಿ ಎಂದು ಕಾಣುತ್ತದೆ. ಅಣುವನ್ನು ಎತ್ತ ತಿರುಗಿಸಿದರೂ ಎರಡೂ ಕಾಣುವ ಹಾಗೆ ಆಜ್ಞೆ ಮಾಡಬೇಕಿತ್ತು. ಪರದೆ ನೋಡಿ ನೋಡಿ ತಲೆ ಕೆಟ್ಟು, ಕೈಯಲ್ಲೇ ಹಿಡಿದು ನೋಡೋಣ ಎಂದು ಅತ್ತೆ ಅಂಗಳ ಗುಡಿಸುವ ಹೊಸ ಹಿಡಿಸೂಡಿಯಿಂದ ಒಂದಷ್ಟು ಕಡ್ಡಿ ಎಳೆದೆ. ಎರಡು ನಿಂಬೆಹಣ್ಣು ತಂದು ನಡುವೆ ಎರಡು ಕಡ್ಡಿ ಚುಚ್ಚಿದೆ. ಸುತ್ತ ನಾಲ್ಕು ನೆಲ್ಲಿಕಾಯಿ ಸಿಕ್ಕಿಸಿದೆ. ಇಂಗಾಲ ಯಾವುದು ಜಲಜನಕ ಯಾವುದು ಎಂದು ಬೇಗ ತಿಳಿಯಲಿ ಎಂದು ನಿಂಬೆಹಣ್ಣಿಗೆ ಕುಂಕುಮ ಹಚ್ಚಿದೆ. ಎಥಿಲೀನ್ ತಯಾರಾಯಿತು. ಅಂಗಳದಲ್ಲಿ ಬೆಳಕು ಚೆನ್ನಾಗಿದೆಯೆಂದು ಅದನ್ನು ತುಳಸಿಕಟ್ಟೆಯ ಮೇಲಿಟ್ಟು ಸುತ್ತ ಬಂದು ನೋಡುತ್ತಿದ್ದಾಗ ಮೀಟಿಂಗಿನ ಕರೆ ಬಂತು. ಒಳಗೆ ಓಡಿದವಳು ಅದನ್ನು ಮರೆತೇಬಿಟ್ಟೆ.

ಮರುದಿನ ಬೆಳಿಗ್ಗೆ ತುಳಸಿಗೆ ನೀರು ಹಾಕಲು ಹೋದ ಅತ್ತೆ ಚೆಂಬನ್ನು ಅಲ್ಲೇ ಎಸೆದು ಓಡಿಬಂದರು.

"ಹೆಣ್ಣೆ, ಹೊರ್ಗ್ ಕಾಲ್ ಇಡ್ಬೇಡ! ಯಾರೋ ನಮ್ ಮನಿಗ್ ಮಾಟ ಮಾಡ್ಸಿರ್! ನಿಂಬೆಹಣ್ಣಿಗ್ ಕುಂಕ್ಮ ಹಚ್ಚಿ ಕಡ್ಡಿ ಚುಚ್ಚಿರ್!"

"ಅತ್ತೀ, ಅದ್ ಮಾಟ ಅಲ್ಲ, ಎಥಿಲೀನ್..."

"ಅದ್ರ ಹೆಸ್ರ್ ಹೇಳ್ಬೇಡ!" ಎಂದು ಅತ್ತೆ ನನ್ನ ಬಾಯಿ ಮುಚ್ಚಿದರು.

ಅಷ್ಟರಲ್ಲಿ ಆಚೆಮನೆ ಈಚೆಮನೆಯವರೆಲ್ಲ ಕಂಪೌಂಡಿನ ಬಳಿ ಸೇರಿದ್ದರು. ಅಷ್ಟು ಜನರ ಎದುರಿಗೆ "ಮಾಡಿದ್ದು ನಾನೇ" ಎನ್ನಲು ನಾಲಿಗೆ ಏಳಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಎಂಬುದು ಬರಲೇ ಇಲ್ಲ. ಅತ್ತೆ ಆಗಲೇ ರಿಕ್ಷಾ ಕರೆಸಿದ್ದರು. ಹಟ್ಟಿಯಂಗಡಿ ಬದಿಯಲ್ಲಿ ಅವರಿಗೆ ಗುರುತಿನ ಜೋಯಿಸರೊಬ್ಬರಿದ್ದರು. ಮಾಟ ಮಾಡಿಸಿದ್ದು ಯಾರೆಂದು ಪ್ರಶ್ನೆ ಇಡಿಸಲು ಹೊರಟರು. ಜೊತೆಗೆ ನಾನೂ.

ಜೋಯಿಸರು ಕವಡೆ ಹಾಕಿದರು, ಎಣಿಸಿದರು, ಕಣ್ಣು ಮುಚ್ಚಿದರು. "ಮಾಡ್ದವ್ರ್ ಹೊರ್ಗಿನವ್ರಲ್ಲ" ಎಂದರು. ನಾನು ಅತ್ತೆಯ ಬೆನ್ನ ಹಿಂದೆ ಸರಿದು ಕೂತೆ. "ಮನಿ ಒಳ್ಗಿನವ್ರೇ. ಹೆಂಗ್ಸ್. ಕಲ್ತವ್ಳ್" ಎಂದರು.

ಇನ್ನು ಹೆಸರೊಂದೇ ಬಾಕಿ. ಅದನ್ನೂ ಅವರ ಬಾಯಿಂದ ಕೇಳುವುದು ಯಾಕೆಂದು ನಾನೇ ಕೈ ಮುಗಿದು ಎಲ್ಲವನ್ನೂ ಹೇಳಿದೆ. ನಿಂಬೆಹಣ್ಣು ಇಂಗಾಲ, ನೆಲ್ಲಿಕಾಯಿ ಜಲಜನಕ, ಮನೆಯಲ್ಲಿ ಕೂತು ಬಂಧ ತೋರಿಸುವುದೇ ನನ್ನ ಕೆಲಸ ಎಂದೆಲ್ಲ ವಿವರಿಸಿದೆ. ಅತ್ತೆ ನನ್ನ ಮುಖ ನೋಡಲಿಲ್ಲ. ಜೋಯಿಸರ ಕಡೆಗೇ ತಿರುಗಿ, "ಇದ್ಕೆ ಪರಿಹಾರ ಎಂತ?" ಎಂದು ಕೇಳಿದರು.

ಜೋಯಿಸರು ಕವಡೆಗಳನ್ನು ಚೀಲಕ್ಕೆ ತುಂಬುತ್ತಾ, "ಹೆಣ್ಣಿಗ್ ಎಲ್ಲಾದ್ರೂ ಒಂದ್ ಕೆಲ್ಸ ಹುಡ್ಕಿ ಕೊಡಿ. ಮನೀಲ್ ಸುಮ್ನೆ ಕೂತ್ರೆ ಹೀಂಗೇ ಆಪುದ್" ಎಂದರು.

ಹ್ವಾಯ್!

ನನ್ನ ಆಜ್ಞೆಗಳನ್ನು ಮೊದಲು ಬಳಸಿ ನೋಡುವವರು ಒಬ್ಬರು ಬೇಕಿತ್ತು. ಪಿಯುಸಿಯಲ್ಲಿ ನನಗೆ ರಸಾಯನಶಾಸ್ತ್ರ ಕಲಿಸಿದ ಮಾಸ್ಟ್ರು ನಿವೃತ್ತಿಯಾಗಿ ನಾವುಂದದಲ್ಲಿದ್ದಾರೆ. ಅವರಿಗೆ ತಂತ್ರಾಂಶ ಹಾಕಿಕೊಟ್ಟು ಬಂದೆ. ದಿನಾ ಸಂಜೆ ಫೋನು ಮಾಡಿ ವರದಿ ಕೊಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರು. ನಾನು ಮಾಡಿದರೂ ಎತ್ತಲಿಲ್ಲ. ಗಾಬರಿಯಾಗಿ ಬಸ್ಸು ಹತ್ತಿ ಹೋದೆ.

ಮಾಸ್ಟ್ರು ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಮೂಲೆಯಲ್ಲಿದ್ದ ಲ್ಯಾಪ್‌ಟಾಪಿಗೆ ಮೈ ಒರೆಸುವ ಬೈರಾಸು ಹೊದೆಸಿದ್ದರು.

"ಹೆಣ್ಣೆ, ನಿನ್ ಅಣುನ ನಾನ್ ಕೊಂದ್ ಹಾಕ್ದೆ" ಎಂದರು.

ಬೈರಾಸು ತೆಗೆದು ನೋಡಿದೆ. ಪರದೆ ಕಪ್ಪು. ಆಗಿದ್ದಿಷ್ಟೇ. ಉಂಡೆಗಳನ್ನು ಮೊದಲೇ ಮರೆಮಾಡಿ ಬರೀ ಕಡ್ಡಿಗಳನ್ನು ಇಟ್ಟುಕೊಂಡಿದ್ದ ಮಾಸ್ಟ್ರು, ಅವುಗಳಲ್ಲಿ ಒಂದನ್ನು ಮಾತ್ರ ತೆಗೆಯೋಣ ಎಂದು 'ಬಂಧ ಅಡಗಿಸು' ಎಂದಿದ್ದರು. ಯಾವ ಬಂಧ ಎಂದು ಆರಿಸಿಕೊಂಡಿರಲಿಲ್ಲ. ಹೆಸರು ಹೇಳದೆ ಆಜ್ಞೆ ಕೊಟ್ಟರೆ ಅದು ಎಲ್ಲ ಬಂಧಗಳಿಗೂ ಅನ್ವಯ ಎಂದು ನಾನೇ ನಿಯಮ ಮಾಡಿಟ್ಟಿದ್ದೆ. ಇಡೀ ಅಣು ಮಾಯವಾಗಿತ್ತು. ಇಷ್ಟು ಸಣ್ಣದಕ್ಕೆ ಆ ಮನುಷ್ಯ ಸರಿಯಾಗಿ ಉಂಡಿರಲಿಲ್ಲ ಎಂದು ಅವರ ಹೆಂಡತಿ ಹೇಳಿದಾಗ ನನಗೆ ಎಲ್ಲಾದರೂ ಹೋಗಿ ಅಡಗಿಕೊಳ್ಳೋಣ ಅನ್ನಿಸಿತು. ನನ್ನನ್ನು ಅಡಗಿಸುವ ಆಜ್ಞೆ ಮಾತ್ರ ಇರಲಿಲ್ಲ.

ಆದರೂ ಬಿಗುಮಾನ ಬಿಡದೆ, "ಮಾಸ್ಟ್ರೇ, ನೀವ್ ಬಸ್‌ಸ್ಟಾಪಂಗ್ ನಿಂತ್ ಹೆಸ್ರ್ ಹೇಳ್ದೆ 'ಹ್ವಾಯ್' ಅಂದ್ರೆ ಎಲ್ರೂ ತಿರ್ಗುದಿಲ್ಯಾ? ಇದೂ ಹಾಂಗೇ" ಎಂದೆ.

ಮಾಸ್ಟ್ರು ವಿಜ್ಞಾನದವರು. ಪ್ರಯೋಗ ಮಾಡದೆ ಒಂದನ್ನೂ ಒಪ್ಪುವವರಲ್ಲ. ನನ್ನನ್ನು ಬಸ್ಸಿಗೆ ಬಿಡಲು ಹೆದ್ದಾರಿಯವರೆಗೆ ಬಂದವರು, ಅಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, "ಹ್ವಾಯ್!" ಎಂದು ಕೂಗಿದರು. ಮೀನಿನ ಬುಟ್ಟಿ ಹೊತ್ತ ಹೆಂಗಸರು ತಿರುಗಿದರು. ಚಾದಂಗಡಿಯವನು ಬಗ್ಗಿ ನೋಡಿದ. ರಿಕ್ಷಾದವರು ಎದ್ದು ನಿಂತರು. ಬೈಂದೂರಿನ ಕಡೆಗೆ ಹೊರಟಿದ್ದ ಬಸ್ಸೊಂದು ಕಿರ್ರೆಂದು ನಿಂತೇಬಿಟ್ಟಿತು.

"ಕಂಡ್ಯಾ?" ಎಂದರು ಮಾಸ್ಟ್ರು. "ತಿರ್ಗುದ್ ಹೌದ್. ಆರೆ ಒಬ್ರಾರೂ ಮಾಯ ಆಯ್ರಾ?"

ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಹತ್ತುದಾ, ಇಲ್ಯಾ? ಯಾರ್ ಕರ್ದದ್?" ಎಂದು ರೇಗಿದ. ಬಸ್ಸಿನ ತುಂಬ ಜನ ನಮ್ಮನ್ನೇ ನೋಡುತ್ತಿದ್ದರು. ಮಾಸ್ಟ್ರು ಒಂಚೂರೂ ಅಳುಕದೆ ನನ್ನ ಕಡೆ ಕೈ ತೋರಿಸಿ, "ಇವ್ಳ್ ಹತ್ತುದ್" ಎಂದರು.

ನಾನು ಹೋಗಬೇಕಾದದ್ದು ತೆಂಕಿಗೆ, ಕುಂದಾಪುರಕ್ಕೆ. ನಾಚಿಕೆಗೆ ಬಡಗಿನ ಬಸ್ಸು ಹತ್ತಿ, ಬೈಂದೂರಿಗೆ ಟಿಕೆಟ್ ತೆಗೆದು, ಅಲ್ಲಿ ಇಳಿದು, ಯಾರನ್ನೋ ಹುಡುಕುವವಳ ಹಾಗೆ ಒಂದು ಸುತ್ತು ಬಂದು, ವಾಪಸು ಬಂದೆ. ಬರುವಾಗ ಅದೇ ಕಂಡಕ್ಟರ್. "ಸಿಕ್ರಾ?" ಎಂದು ಕೇಳಿದ.

ಮನೆಗೆ ಬಂದವಳೇ ಮಾಡಿದ ಮೊದಲ ಕೆಲಸವೆಂದರೆ, ಇನ್ನು ಮುಂದೆ ಯಾರೇ ಹೆಸರು ಹೇಳದೆ ಆಜ್ಞೆ ಕೊಟ್ಟರೂ ತಂತ್ರಾಂಶ ಮೊದಲು ಒಂದು ಪ್ರಶ್ನೆ ಕೇಳಬೇಕು ಎಂದು ಬದಲಾಯಿಸಿದ್ದು. ಆ ಪ್ರಶ್ನೆ ನನಗೇ ಮುಳುವಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಸಕ್ಕರೆಯ ಅಣು

ಬಂಧ ಎಳೆಯಲು ಇನ್ನೊಂದು ಆಜ್ಞೆ ಇದೆ. ಇಷ್ಟು ದೂರದೊಳಗಿರುವ ಪರಮಾಣುಗಳನ್ನೆಲ್ಲ ಜೋ‍ಡಿಸು ಎಂದರೆ ಜೋಡಿಸುತ್ತದೆ. ಸಕ್ಕರೆಯ ಅಣುವಿನ ಮೇಲೆ ಅದನ್ನು ಪರೀಕ್ಷೆ ಮಾಡುವಾಗ ದೂರದ ಅಂಕೆಯಲ್ಲಿ ಚುಕ್ಕಿ ಇಡಲು ಮರೆತೆ. ದೂರ ಹತ್ತು ಪಟ್ಟಾಯಿತು. ಪ್ರತಿ ಉಂಡೆಯಿಂದ ಪ್ರತಿ ಉಂಡೆಗೂ ಕಡ್ಡಿ ಹೋಗಿ, ಸಕ್ಕರೆ ಎಂಬುದು ಬಲೆಯ ಮುದ್ದೆ ಆಗಿಬಿಟ್ಟಿತು. ನಗು ಬಂತು. ಆ ಚಿತ್ರವನ್ನೂ ಉಳಿಸಿಟ್ಟೆ. ಉಳಿಸಿಟ್ಟದ್ದೇ ತಪ್ಪು.

ಬ್ರಹ್ಮಾವರದ ಸಭೆಗೆ ಫ್ಲೆಕ್ಸ್ ಬೇಕೆಂದರು. ಕುಂದಾಪುರದ ಒಂದು ಫ್ಲೆಕ್ಸ್ ಅಂಗಡಿಗೆ ಚಿತ್ರಗಳಿದ್ದ ಫೋಲ್ಡರನ್ನು ಹಾಗೆಯೇ ಕಳಿಸಿ, ಸಕ್ಕರೆಯ ಸರಿಯಾದ ಚಿತ್ರವನ್ನು ಹಾಕಿ ಎಂದು ಹೇಳಿದೆ. ಕೆಳಗೆ 'ಸರಿಯಾದ ಬಂಧಗಳೊಂದಿಗೆ ಸಕ್ಕರೆಯ ಅಣು' ಎಂದು ಬರೆಯಿರಿ, ಮೂಲೆಯಲ್ಲಿ ನನ್ನ ಫೋಟೋ ಸಣ್ಣದಾಗಿ ಇರಲಿ ಎಂದೆ. ಹೆದ್ದಾರಿಯ ಬದಿಯಲ್ಲಿ ಏರಿದ ಫ್ಲೆಕ್ಸ್ ನೋಡಿದರೆ ಅದರಲ್ಲಿದ್ದದ್ದು ಬಲೆಯ ಮುದ್ದೆ.

ಅಂಗಡಿಗೆ ಓಡಿದೆ. ಅವರು ನನಗೇ ಸಮಾಧಾನ ಹೇಳಿದರು. "ಅಕ್ಕಾ, ನೀವ್ ಹೇಳಿದ್ ಚಿತ್ರ ಖಾಲಿ ಖಾಲಿ ಕಾಂತಿತ್ತ್. ಅಲ್ಲೊಂದ್ ಇಲ್ಲೊಂದ್ ಕಡ್ಡಿ. ಇದ್ ಕಾಣಿ, ತುಂಬ್ಕಂಡ್ ಎಷ್ಟ್ ಲಾಯ್ಕ್ ಇತ್ತ್."

"ಅದ್ ತಪ್ಪ್ ಚಿತ್ರ ಮರಾಯ್ರೆ! ಸಭೆಗೆ ಬಪ್ಪುದೆಲ್ಲ ಕೆಮಿಸ್ಟ್ರಿಯವ್ರ್! ಹ್ಯಾಂಗಾರೂ ಮಾಡಿ ಅದನ್ ಮುಚ್ಚಿ."

"ಹೆದ್ರ್‌ಬೇಡಿ, ನಾಳಿಗ್ ಸರಿ ಮಾಡ್ತೆ" ಎಂದರು.

ಮರುದಿನ ಮುಖ್ಯಸ್ಥರಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಸಭೆಯ ಸಂಘಟಕರು ಅವರಿಗೆ ಕಳಿಸಿದ್ದರಂತೆ. ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇತ್ತು. ಬಿಡಿಸಿ ನೋಡಿದೆ. ಫ್ಲೆಕ್ಸಿನವರು ಬಲೆಯ ಮುದ್ದೆಯನ್ನು ಮುಚ್ಚಿದ್ದರು, ಸುಳ್ಳಲ್ಲ. ಮುಚ್ಚಲು ನನ್ನ ಫೋಟೋವನ್ನೇ ಅಷ್ಟು ದೊಡ್ಡದು ಮಾಡಿ ಅದರ ಮೇಲೆ ಅಂಟಿಸಿದ್ದರು. ಕೆಳಗಿನ ಸಾಲು ಇದ್ದಲ್ಲೇ ಇತ್ತು. ಲಾರಿಯಷ್ಟು ಅಗಲದ ನನ್ನ ಮುಖ, ಅದರ ಅಡಿಯಲ್ಲಿ 'ಸರಿಯಾದ ಬಂಧಗಳೊಂದಿಗೆ ಸಕ್ಕರೆಯ ಅಣು'.

ಅದೇ ದಾರಿಯಲ್ಲಿ ಬಸ್ಸಿನಲ್ಲಿ ಬಂದ ಅತ್ತೆ ಮನೆಗೆ ಬಂದು ಕಾಲು ತೊಳೆದರು, ನೀರು ಕುಡಿದರು. ಕೊನೆಗೆ, "ಸಕ್ರೆ ಅಂದೇಳಿ ಬರ್ದಿರ್. ಅವ್ರಿಗೆಂತ ಗೊತ್ತ್, ನಿನ್ನೊಟ್ಟಿಗ್ ಒಂದ್ ದಿನ ಇದ್ದ್ ಕಂಡಿರಾ?" ಎಂದರು.

ಯಂತ್ರಕ್ಕೆ ಉಪಚಾರ ಕಲಿಸಿದ್ದು

ಸಭೆಗೆ ಮೊದಲು ಒಂದು ಸಣ್ಣ ತಾಲೀಮು ಇಟ್ಟುಕೊಂಡೆವು. ಕುಂದಾಪುರದ ಒಂದು ಕಾಲೇಜಿನ ಲ್ಯಾಬಿಗೆ ಕೆಲವು ಉಪನ್ಯಾಸಕರು ಬಂದರು. ಸಿದ್ದಾಪುರದಿಂದ ಬಂದ ಒಬ್ಬ ಮೇಡಮ್ಮು ಎದುರಿನ ಸಾಲಿನಲ್ಲೇ ಕೂತರು. ದೊಡ್ಡ ಅಣುವಿನಲ್ಲಿ ಒಂದು ಭಾಗದ ಬಂಧಗಳನ್ನು ತೋರಿಸಿದ ಮೇಲೆ ತಂತ್ರಾಂಶ 'ಉಳಿದ ಬಂಧಗಳನ್ನೂ ತೋರಿಸಲೇ?' ಎಂದು ಕೇಳುವ ಹಾಗೆ ಮಾಡಿಟ್ಟಿದ್ದೆ. ಮಾಸ್ಟ್ರ ಕಪ್ಪು ಪರದೆಯಿಂದ ಕಲಿತ ಪಾಠ ಅದು.

ಎಲ್ಲರೂ 'ಬೇಡ' ಎಂದು ಟೈಪ್ ಮಾಡಿದರು. ಮಾಡಿ, ಕೈಕಟ್ಟಿ ಪರದೆ ನೋಡುತ್ತಾ ಕೂತರು. ತಂತ್ರಾಂಶ ಬೇಡ ಎಂದವರಿಗೆ ತೋರಿಸಲಿಲ್ಲ. ಅವರು ಕೂತೇ ಇದ್ದರು. ನಾನು ಎದುರಿನ ಸಾಲಿಗೆ ಹೋಗಿ, "ಮೇಡಂ, ಎಂತ ಕಾಯ್ತಿದ್ರಿ?" ಎಂದು ಕೇಳಿದೆ.

"ಇನ್ನೊಂದ್ ಸಲ ಕೇಂತಿಲ್ಯಾ ಇದ್?"

"ನೀವ್ ಬೇಡ ಅಂದ್ರಲ್ಲ?"

"ಕೇಂಡ್ ಕೂಡ್ಲೆ ಹೌದ್ ಅಂದ್ರೆ ಆಸೆಬುರ್ಕಿ ಅಂಬ್ರಲೆ?"

"ಮೇಡಂ, ಇದ್ ಯಂತ್ರ. ಇದ್ಕೆಂತ ಮರ್ಯಾದಿ?"

"ಯಂತ್ರಕ್ಕ್ ಇಲ್ದಿರ್ಲಿ" ಎಂದರು ಮೇಡಮ್ಮು, "ನಮ್ಗಿತ್ತಲೆ?"

ಹಿಂದಿನ ಸಾಲಿನಿಂದ ಯಾರೋ, "ಒಂದ್ ಸಲ ಬ್ಯಾಡ ಅಂದದ್ದೇ, ಬಿಟ್ಟೇ ಬಿಡ್ತ್. ಉಪಚಾರ ಗೊತ್ತಿಲ್ಲ ಇದ್ಕೆ" ಎಂದರು.

ನನಗೆ ಅದು ತಟ್ಟನೆ ಹೊಳೆಯದೆ ಹೋದದ್ದಕ್ಕೆ ನಿಜಕ್ಕೂ ನಾಚಿಕೆಯಾಯಿತು. ನಾನೂ ಇದೇ ಊರಿನವಳಲ್ಲವೇ? ನಮ್ಮ ಊಟದ ಪಂಕ್ತಿಯಲ್ಲಿ ಪಾಯಸ ಬಂದರೆ ಮೊದಲ ಸಲ ಬೇಡ ಎನ್ನುವುದು ಕ್ರಮ. ಎರಡನೆಯ ಸಲ ಎಲೆಗೆ ಕೈ ಅಡ್ಡ ಇಡುವುದೂ ಕ್ರಮ. ಮೂರನೆಯ ಸಲ ಬಡಿಸುವವರು ಕೇಳುವುದಿಲ್ಲ, ಬೆರಳ ಸಂದಿಯಲ್ಲೇ ಹೊಯ್ದುಬಿಡುತ್ತಾರೆ. ಹಾಗೆ ಹೊಯ್ಯದೆ ಮುಂದೆ ಹೋದವರನ್ನು ನಾವು ಜನ್ಮದಲ್ಲಿ ಮರೆಯುವುದಿಲ್ಲ.

ಸರಿ, ಮನೆಗೆ ಬಂದು ಯಂತ್ರಕ್ಕೆ ಉಪಚಾರ ಕಲಿಸಿದೆ. ಬೇಡ ಎಂದರೆ 'ಸಂಕೋಚ ಬೇಡ, ತೋರಿಸಲೇ?' ಎಂದು ಎರಡನೆಯ ಸಲ ಕೇಳುತ್ತದೆ. ಆಗಲೂ ಬೇಡ ಎಂದರೆ 'ಸ್ವಲ್ಪವಾದರೂ?' ಎನ್ನುತ್ತದೆ. ಮೂರನೆಯ ಬೇಡಕ್ಕೆ 'ನಿಮ್ಮ ಮನಸ್ಸು ನನಗೆ ಗೊತ್ತು' ಎಂದು ಹೇಳಿ ಮಾಡಿಯೇಬಿಡುತ್ತದೆ. ಮತ್ತೊಮ್ಮೆ ತಾಲೀಮು ಮಾಡಿದಾಗ ಸಿದ್ದಾಪುರದ ಮೇಡಮ್ಮಿಗೆ ಆದ ಖುಷಿ ಹೇಳತೀರದು. "ಈಗ್ ನಮ್ಮೂರಿನದ್ದಾಯ್ತ್" ಎಂದು ಪರದೆಯನ್ನು ಸೆರಗಿನಿಂದ ಒರೆಸಿದರು.

ಇಂಥ ಆಜ್ಞೆ ಪ್ರಪಂಚದಲ್ಲಿ ಯಾರೂ ಮಾಡಿರಲಿಕ್ಕಿಲ್ಲ ಎಂದು ನಾನು ಬೀಗಿದೆ. ಯಾಕೆ ಮಾಡಿಲ್ಲ ಎಂದು ಒಂದು ನಿಮಿಷ ಯೋಚಿಸಿದ್ದರೆ ಚೆನ್ನಾಗಿತ್ತು.

ಬೇಡ, ಬೇಡ, ಬೇಡ

ಬ್ರಹ್ಮಾವರದ ಸಭೆಯ ದಿನ. ಮುಖ್ಯಸ್ಥರು ಬೆಳಿಗ್ಗೆಯೇ ಘಟ್ಟ ಇಳಿದು ಬಂದು ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಮಾಸ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೀಬೋರ್ಡಿನ ಮುಂದೆ. ನಾನು ಪಕ್ಕದಲ್ಲಿ ಮೈಕು ಹಿಡಿದು ನಿಂತಿದ್ದೆ. ರಕ್ತದಲ್ಲಿ ಆಮ್ಲಜನಕ ಹೊರುವ ದೊಡ್ಡ ಅಣುವನ್ನು ಮಾಸ್ಟ್ರು ಒಂದೊಂದೇ ಆಜ್ಞೆ ಕೊಟ್ಟು ಕಟ್ಟುತ್ತಾ ಹೋದರು. ಬಂಧಗಳು ಒಂದರ ಹಿಂದೆ ಒಂದು ಮೂಡಿದವು. ದ್ವಿಬಂಧಗಳು ಎತ್ತ ತಿರುಗಿಸಿದರೂ ಎರಡೆರಡೇ ಕಂಡವು. ಸಭೆಯಲ್ಲಿ ಪಿಸುಪಿಸು ನಿಂತಿತು. ಮುಖ್ಯಸ್ಥರು ಕುರ್ಚಿಯಲ್ಲಿ ಮುಂದೆ ಸರಿದು ಕೂತರು. ಗೆದ್ದೆ ಎಂದುಕೊಂಡೆ.

"ಕೊನೆಗ್ ಒಂದ್ ಬಂಧ ತೆಗ್ದ್ ತೋರ್ಸ್ತೆ" ಎಂದರು ಮಾಸ್ಟ್ರು. ಹುರುಪಿನಲ್ಲಿ 'ಬಂಧ ಅಳಿಸು' ಎಂದು ಹೊಡೆದರು. ಯಾವ ಬಂಧ ಎಂದು ಆರಿಸಲು ಈ ಸಲವೂ ಮರೆತಿದ್ದರು.

ಪರದೆಯ ಮೇಲೆ ಪ್ರಶ್ನೆ ಬಂತು: 'ಎಲ್ಲ ಬಂಧಗಳನ್ನೂ ಅಳಿಸಲೇ?'

ಆಗ ನನಗೆ ನೆನಪಾಯಿತು. ಉಪಚಾರವನ್ನು ನಾನು ತೋರಿಸುವ ಪ್ರಶ್ನೆಗೆ ಮಾತ್ರ ಕಲಿಸಿರಲಿಲ್ಲ. ಸೋಮಾರಿತನಕ್ಕೆ ಎಲ್ಲ ಪ್ರಶ್ನೆಗಳಿಗೂ ಒಟ್ಟಿಗೇ ಕಲಿಸಿಬಿಟ್ಟಿದ್ದೆ.

ಮಾಸ್ಟ್ರು 'ಬೇಡ' ಎಂದು ಹೊಡೆದರು.

'ಸಂಕೋಚ ಬೇಡ, ಅಳಿಸಲೇ?'

"ಮಾಸ್ಟ್ರೇ, ನಿಲ್ಸಿ..." ಎಂದೆ. ಮೈಕಿನಲ್ಲಿ ಹೇಳಿದ್ದರಿಂದ ಇಡೀ ಸಭೆಗೆ ಕೇಳಿತು, ಪರದೆಯಲ್ಲೇ ಮುಳುಗಿದ್ದ ಮಾಸ್ಟ್ರಿಗೆ ಕೇಳಲಿಲ್ಲ. ಮತ್ತೆ 'ಬೇಡ' ಎಂದು ಹೊಡೆದರು.

'ಸ್ವಲ್ಪವಾದರೂ?'

"ಬ್ಯಾಡ ಅಂದ್ರೆ ಬ್ಯಾಡ!" ಎಂದು ಬಾಯಲ್ಲೂ ಹೇಳಿ, ಕೀಲಿ ಮುರಿಯುವ ಹಾಗೆ ಮೂರನೆಯ ಬೇಡ ಹೊಡೆದರು.

'ನಿಮ್ಮ ಮನಸ್ಸು ನನಗೆ ಗೊತ್ತು.'

ಬೆಳಗ್ಗಿನಿಂದ ಕಟ್ಟಿದ ಬಂಧಗಳೆಲ್ಲ ಒಂದೇ ಸಲಕ್ಕೆ ಹೋದವು. ಪರದೆಯ ತುಂಬ ಒಂದಕ್ಕೊಂದು ಸಂಬಂಧವಿಲ್ಲದ ಉಂಡೆಗಳು. ಸಭೆ ಬಿದ್ದು ಬಿದ್ದು ನಕ್ಕಿತು. ಸಿದ್ದಾಪುರದ ಮೇಡಮ್ಮು ಕಣ್ಣೊರೆಸಿಕೊಂಡು ನಕ್ಕರು. ನಗದೆ ಇದ್ದವರು ಮೂವರೇ, ಕೀಬೋರ್ಡಿನ ಮುಂದಿದ್ದ ಮಾಸ್ಟ್ರು, ನಾನು ಮತ್ತು ಮುಖ್ಯಸ್ಥರು. ನಾನು ಮೈಕನ್ನು ಮುಖಕ್ಕೆ ಅಡ್ಡ ಹಿಡಿದೆ. ಅದು ಎಷ್ಟು ಮುಚ್ಚೀತು?

ಮುಖ್ಯಸ್ಥರು ಎದ್ದು ನಿಂತರು. "ಆಗಿದ್ದು ಆಯಿತು. ನೇರವಾಗಿ ಕೇಳುತ್ತೇನೆ. ಈ ಕನ್ನಡ ಆಜ್ಞೆಗಳು ನಿಮಗೆ ಬೇಕೋ, ಬೇಡವೋ?"

ಇಡೀ ಸಭೆ ಒಂದೇ ಬಾಯಲ್ಲಿ, "ಬ್ಯಾಡ ಸರ್, ನಿಮ್ಗೆ ಸುಮ್ನೆ ಉಪದ್ರ" ಎಂದಿತು.

ಮುಖ್ಯಸ್ಥರು ತಲೆಯಾಡಿಸಿ ಕೂತರು. ನಾನು ಓಡಿಹೋಗಿ, "ಸರ್, ಇನ್ನೊಂದು ಸಲ ಕೇಳಿ" ಎಂದೆ. "ಒಂದು ಸಲ ಕೇಳಿಸಿತಲ್ಲ" ಎಂದರು. ಅಷ್ಟರಲ್ಲಿ ಊಟಕ್ಕೆ ಎಬ್ಬಿಸಿದರು.

ಬಾಳೆಎಲೆಯ ಊಟ. ನನ್ನನ್ನು ಮುಖ್ಯಸ್ಥರ ಪಕ್ಕದಲ್ಲೇ ಕೂರಿಸಿದ್ದರು. ಅನ್ನವನ್ನು ಕಲಸುತ್ತಾ ಕೂತೆ. ಸಿದ್ದಾಪುರದ ಮೇಡಮ್ಮು ಸೆರಗು ಸಿಕ್ಕಿಸಿ ಕಡ್ಲೆಬೇಳೆ ಪಾಯಸ ಬಡಿಸುತ್ತಾ ಬಂದರು. ಮುಖ್ಯಸ್ಥರು ಬೇಡ ಎಂದರು. ಬಿತ್ತು. ಬೇಡ ಎಂದರು. ಇನ್ನೊಂದು ಸೌಟು ಬಿತ್ತು. ಎಲೆಗೆ ಅಂಗೈ ಅಡ್ಡ ಇಟ್ಟರು. ಬೆರಳ ಸಂದಿಯಲ್ಲಿ ಬಿಸಿ ಬಿಸಿ ಪಾಯಸ ಇಳಿಯಿತು.

ಅವರು ಪಾಯಸದ ಕೈಯನ್ನು ಎತ್ತಿ ಹಿಡಿದು ನನ್ನ ಕಡೆ ತಿರುಗಿದರು. "ನಿಮ್ಮವರಿಗೆ ಬೇಡ ಅಂದರೆ ಅರ್ಥ ಆಗುವುದೇ ಇಲ್ಲವೇ?"

"ಆಗ್ತದೆ ಸರ್" ಎಂದೆ. "ಬೇಕು ಅಂತ ಅರ್ಥ ಆಗ್ತದೆ."

ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಮೊದಲ ಬೇಡ, ಎರಡನೆಯ ಬೇಡ, ಮೂರನೆಯದರ ಗತಿ, ಎಲ್ಲ. ಅವರು ಕೈಯನ್ನೊಮ್ಮೆ ನೋಡಿಕೊಂಡರು, ಪಂಕ್ತಿಯನ್ನೊಮ್ಮೆ ನೋಡಿದರು. ಕೈ ತೊಳೆದು ಬಂದವರೇ ಎಲೆ ಎತ್ತುವ ಮೊದಲು ನಿಂತು ಮತ್ತೆ ಕೇಳಿದರು, "ಕನ್ನಡ ಆಜ್ಞೆ ಕೊಡಲೇ?"

"ಬ್ಯಾಡ ಸರ್!" ಎಂದಿತು ಪಂಕ್ತಿ.

"ಕೊಡುತ್ತೇನೆ."

"ನಿಮ್ಗ್ ಅಷ್ಟ್ ಇದ್ರೆ ಕೊಡಿ ಸರ್, ನಾವ್ ಎಂತಕ್ಕ್ ಬ್ಯಾಡ ಅಂಬುದ್?" ಎಂದರು ಎಲ್ಲರೂ. ಮುಖ್ಯಸ್ಥರು ಮೊದಲ ಸಲ ನಕ್ಕರು. ನನಗೆ ಅಳು ಬಂತು.

ಅವರನ್ನು ಕಾರಿನವರೆಗೆ ಬಿಡಲು ನಾನೂ ಮಾಸ್ಟ್ರೂ ಹೋದೆವು. ಮಾಸ್ಟ್ರ ಕೈಯಲ್ಲಿ ಅವರ ಚೀಲ. ಕಾರಿನ ಬಾಗಿಲು ಹಿಡಿದುಕೊಂಡು ಮುಖ್ಯಸ್ಥರು, "ವಿಭಾಗ ಉಳಿಯಿತು. ಇನ್ನು ಅದರ ಪೂರ್ತಿ ಜವಾಬ್ದಾರಿ, ಖಾಯಂ ಕೆಲಸ. ನೀವೇ ವಹಿಸಿಕೊಳ್ಳುತ್ತೀರಾ?" ಎಂದು ಕೇಳಿದರು.

ಇಷ್ಟು ದಿನ ಊಟ ಬಿಟ್ಟು ಕಾದದ್ದು ಈ ಒಂದು ಮಾತಿಗೆ. ಒಳಗಿನಿಂದ ಹೊರಟದ್ದು 'ಆಯಿತು ಸರ್' ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ತುಟಿಗೆ ಬರುವಷ್ಟರಲ್ಲಿ ಅದು, "ಅಯ್ಯೋ ಬೇಡ ಸರ್, ನನಗ್ಯಾಕೆ ಅಷ್ಟು ದೊಡ್ಡದು" ಎಂದಾಗಿತ್ತು.

"ನಿಜವಾಗಿಯೂ ಬೇಡವೇ?"

"ಬೇಡ ಸರ್, ಬೇರೆ ಯಾರಿಗಾದರೂ ಕೊಡಿ" ಎಂದು ನೆಲ ನೋಡಿದೆ. ಇನ್ನೊಂದು ಸಲ ಕೇಳುತ್ತಾರೆ. 'ನೀವು ಅಷ್ಟು ಹೇಳಿದ ಮೇಲೆ' ಎಂಬ ಮಾತನ್ನು ನಾಲಿಗೆಯ ತುದಿಯಲ್ಲಿ ತಯಾರಿಟ್ಟುಕೊಂಡೆ.

ಮುಖ್ಯಸ್ಥರು ಮೆಚ್ಚುಗೆಯಿಂದ ತಲೆಯಾಡಿಸಿದರು. "ನಿಮ್ಮಲ್ಲಿ ನನಗೆ ಹಿಡಿಸಿದ್ದು ಇದೇ. ಈ ಉಪಚಾರವನ್ನೆಲ್ಲ ನನಗೆ ಬಿಡಿಸಿ ಹೇಳಿದವರೇ ನೀವು. ನನ್ನ ಹತ್ತಿರ ಆ ಆಟ ಆಡುವವರಲ್ಲ. ನಿಮ್ಮ ಬೇಡ ಅಂದರೆ ಬೇಡವೇ." ಮಾಸ್ಟ್ರ ಕಡೆ ತಿರುಗಿ, "ಹಾಗಾದರೆ ಮಾಸ್ಟ್ರೇ, ಅನುಭವಸ್ಥರು ನೀವು. ವಹಿಸಿಕೊಳ್ಳುತ್ತೀರಾ?" ಎಂದರು.

"ಆಯ್ತ್ ಸರ್" ಎಂದರು ಮಾಸ್ಟ್ರು.

ನಮ್ಮ ಮನೆಗೆ ಬಂದರೆ ಒಂದು ಲೋಟ ನೀರಿಗೂ ಮೂರು ಸಲ ಬೇಡ ಎನ್ನುವ ಮನುಷ್ಯ. ಕಾರು ಹೊರಟುಹೋಯಿತು. ನನಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ.

"ಮಾಸ್ಟ್ರೇ! ಒಂದ್ ಸಲ ಆದ್ರೂ ಬ್ಯಾಡ ಅಂಬುಕ್ ಆಯ್ಲಿಲ್ಯಾ ನಿಮ್ಗೆ?"

"ಬ್ಯಾಡ ಅಂದವ್ರಿಗ್ ಎಂತ ಆತ್ ಅಂದೇಳಿ ಈಗಷ್ಟೇ ಕಂಡೆ ಅಲ್ದಾ ಹೆಣ್ಣೆ?" ಎಂದರು ಮಾಸ್ಟ್ರು. ಸ್ವಲ್ಪ ದೂರ ನಡೆದ ಮೇಲೆ ನಿಂತು, ತಲೆ ಕೆರೆದುಕೊಂಡು, "ಆರೆ ನಂಗೆ ಆಜ್ಞೆ ಬರೆಯೂಕೆ ಗೊತ್ತಿಲ್ಲ. ಸಹಾಯಕ್ಕ್ ಒಬ್ರ್ ಬೇಕಿತ್ತ್. ನೀನ್..."

"ಬತ್ತೆ" ಎಂದೆ. ಅವರು ಇನ್ನೂ ಕೇಳಿ ಮುಗಿಸಿರಲಿಲ್ಲ.